ಜೇಬಿನಲ್ಲಿ ಫೋನ್ ಇದ್ದರೆ ಸಾಕೆ?

ಮೊಬೈಲ್ ಫೋನಿನ ವಿಷಯದಲ್ಲಿ ಕ್ಲಿನಿಕ್ಕಿಗೆ ಬರುವವರನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಒಂದು ಗುಂಪಿನವರು ಅದನ್ನು ಬಿಟ್ಟು ಬಚ್ಚಲಮನೆಗೂ ಹೋಗಲಾರರು. ಇನ್ನೊಂದು ಗುಂಪಿನವರು ಹೆಚ್ಚಾಗಿ 60 ದಾಟಿದವರು. ಮಗ ಕೊಡಿಸಿದ ಫೋನನ್ನು ಚಾರ್ಜು ಉಳಿಯಲೆಂದು ಆಫ್ ಮಾಡಿ, ಬೀರುವಿನಲ್ಲಿಟ್ಟು ಬೆಳಗಿನ ವಾಕಿಂಗಿಗೆ ಹೊರಡುತ್ತಾರೆ. "ನನಗೇಕೆ ಡಾಕ್ಟ್ರೇ ಅದು? ಇಷ್ಟು ವರ್ಷ ಇಲ್ಲದೆ ಬದುಕಲಿಲ್ಲವೇ?" ಎನ್ನುತ್ತಾರೆ. ಮಾತು ನಿಜವೇ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದೇ 1995ರ ಜುಲೈ 31ರಂದು. ಆದರೆ ಆಗ ರಸ್ತೆಯ ಮೂಲೆಯಲ್ಲಿ ಎಸ್‌ಟಿಡಿ ಬೂತ್ ಇತ್ತು, ಅಂಗಡಿಯಲ್ಲಿ ಒಂದು ರೂಪಾಯಿ ಹಾಕಿ ಮಾತನಾಡುವ ಫೋನಿತ್ತು, ಹತ್ತಾರು ನಂಬರುಗಳು ನಮಗೆ ಬಾಯಿಪಾಠವಾಗಿದ್ದವು. ಇಂದು ಹೆಂಡತಿಯ ನಂಬರನ್ನೂ ಫೋನ್ ನೋಡಿಯೇ ಹೇಳಬೇಕು.

ವೈದ್ಯನಾಗಿ ನನ್ನ ಚಿಂತೆ ಈ ಎರಡೂ ಗುಂಪಿನವರು ಒಂದೇ ರೀತಿ ಎಡವುವ ಜಾಗದ್ದು.

ರಾತ್ರಿ ಹನ್ನೊಂದಕ್ಕೆ ಮನೆಯ ಯಜಮಾನರಿಗೆ ಎದೆ ಹಿಂಡಿದಂತಾಗುತ್ತದೆ, ಬೆವರು ಕಿತ್ತುಬರುತ್ತದೆ. ಮನೆಯಾಕೆ ಫೋನ್ ಎತ್ತಿಕೊಳ್ಳುತ್ತಾರೆ. ಮಾಡುವುದು ಯಾರಿಗೆ? ಬೆಂಗಳೂರಿನಲ್ಲಿರುವ ಮಗನಿಗೆ. ಅವನು, "ಗ್ಯಾಸ್ಟ್ರಿಕ್ ಇರಬೇಕಮ್ಮ, ಸ್ವಲ್ಪ ಹೊತ್ತು ನೋಡಿ" ಎನ್ನುತ್ತಾನೆ. ನಂತರ ಮೈಸೂರಿನ ಮಗಳಿಗೆ. ಅವಳು ಪರಿಚಯದ ಡಾಕ್ಟರಿಗೆ ಮಾಡುತ್ತಾಳೆ, ಅವರು ನಿದ್ದೆಯಲ್ಲಿರುತ್ತಾರೆ. ಒಂದು ಗಂಟೆ ಹೀಗೆ ಕಳೆದುಹೋಗುತ್ತದೆ. ಎದುರು ಮನೆಯ ಹುಡುಗ ಕಾರು ತೆಗೆದಿದ್ದರೆ ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಇಸಿಜಿಯೇ ಆಗಿರುತ್ತಿತ್ತು. ಇಂಥವು ನಾನು ಎಷ್ಟೋ ನೋಡಿದ್ದೇನೆ. ಫೋನ್ ಇಲ್ಲದ ಕಾಲದಲ್ಲಿ ಆ ತಾಯಿ ಬಾಗಿಲು ತೆರೆದು ಒಮ್ಮೆ ಕೂಗುತ್ತಿದ್ದರು, ಬೀದಿಯೇ ಬರುತ್ತಿತ್ತು. ದೂರದವರನ್ನು ಹತ್ತಿರ ಮಾಡಿದ ಈ ಯಂತ್ರ ಹತ್ತಿರದವರನ್ನು ಮರೆಸುತ್ತಿದೆ ಎಂದು ನನಗೆ ಅನಿಸುತ್ತದೆ.

ಹೃದಯದ ರಕ್ತನಾಳ ಮುಚ್ಚಿಕೊಂಡಾಗ ಅದರ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪುಗಟ್ಟಿದ ರಕ್ತದಿಂದ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಅದಕ್ಕೂ ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು. ಆದ್ದರಿಂದ ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಮೊದಲ ಕರೆ 108ಕ್ಕೆ ಅಥವಾ 112ಕ್ಕೆ. ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ 2008ರಿಂದ ಇದೆ. ಎರಡನೆಯ ಕೆಲಸ ನೆರೆಮನೆಯ ಬಾಗಿಲು ತಟ್ಟುವುದು. ಮಗನಿಗೆ ದಾರಿಯಲ್ಲಿ ತಿಳಿಸಿದರಾಯಿತು. ನನಗೂ ಎದೆನೋವೆಂದು ಫೋನ್ ಮಾಡಿ ಯಾವ ಗುಳಿಗೆ ನುಂಗಲಿ ಎಂದು ಕೇಳುವವರಿದ್ದಾರೆ. ಇಸಿಜಿ ಇಲ್ಲದೆ ಫೋನಿನಲ್ಲಿ ಅದಕ್ಕೆ ಉತ್ತರ ಹೇಳಬಲ್ಲ ವೈದ್ಯ ಯಾರೂ ಇಲ್ಲ.

ಇನ್ನು, ಮಾತನಾಡುವ ಸ್ಥಿತಿಯೇ ನಿಮಗಿಲ್ಲದಿದ್ದರೆ? ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ಮೈ ನಡುಗುತ್ತದೆ, ಬೆವರುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ. ಕೆಲವೊಮ್ಮೆ ನೋಡುವವರು ಕುಡಿದಿದ್ದಾನೆಂದೇ ತಿಳಿಯುತ್ತಾರೆ. ಪ್ರಜ್ಞೆಯೂ ತಪ್ಪಬಹುದು. ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಬಿದ್ದವರ ಜೇಬಿನಲ್ಲಿ ಫೋನ್ ಸಿಗುತ್ತದೆ, ಆದರೆ ಅದಕ್ಕೆ ಬೀಗ. ಗುಪ್ತಸಂಖ್ಯೆ ಬಿದ್ದವರಿಗೊಬ್ಬರಿಗೇ ಗೊತ್ತು. ಬೀಗ ಹಾಕಿದ ಫೋನಿನಿಂದಲೂ 112ಕ್ಕೆ ಕರೆ ಮಾಡಬಹುದು, ಅದಕ್ಕೆ ಬರುವ ಕರೆಯನ್ನು ಎತ್ತಿ ಮಾತನಾಡಲೂಬಹುದು. ಇದನ್ನು ಮನೆಯವರಿಗೆಲ್ಲ ಹೇಳಿಡಿ. ಹಾಗೆಯೇ ಈಗಿನ ಸ್ಮಾರ್ಟ್‌ಫೋನುಗಳಲ್ಲಿ ನಿಮ್ಮ ಕಾಯಿಲೆ, ಔಷಧಿ, ಅಲರ್ಜಿ ಮತ್ತು ಮನೆಯವರ ನಂಬರನ್ನು ಬೀಗ ತೆಗೆಯದೆಯೇ ಕಾಣುವಂತೆ ತುಂಬಿಸಿಡುವ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಂಬ ಹೆಸರಿನಡಿ ಹುಡುಕಿ, ಐಫೋನಿನಲ್ಲಾದರೆ ಮೆಡಿಕಲ್ ಐಡಿ ಎಂದು. ಮೊಮ್ಮಕ್ಕಳಿಗೆ ಐದು ನಿಮಿಷದ ಕೆಲಸ. ಇದರ ಜೊತೆಗೆ ಅದೇ ವಿವರದ ಒಂದು ಚೀಟಿ ಪರ್ಸಿನಲ್ಲಿರಲಿ. ಚೀಟಿಗೆ ಚಾರ್ಜು ಬೇಡ.

ಎಚ್ಚರವಿದ್ದಾಗ ಸಕ್ಕರೆ ಇಳಿದರೆ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕಲಸಿ ಕುಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಫೋನ್ ಬಿಟ್ಟಿರಲಾರದವರ ಕಳವಳಕ್ಕೆ 2008ರಲ್ಲಿ ಬ್ರಿಟನ್ನಿನಲ್ಲಿ ನೋಮೋಫೋಬಿಯ ಎಂಬ ಹೆಸರಿಟ್ಟರು. ಕಾಯಿಲೆಗಳ ಅಧಿಕೃತ ಪಟ್ಟಿಯಲ್ಲಿ ಇದು ಸೇರಿಲ್ಲ. ಫೋನ್ ಬಾರದಿದ್ದರೂ ಜೇಬಿನಲ್ಲಿ ನಡುಗಿದಂತೆ ಅನಿಸುವುದೂ ಬಹಳ ಮಂದಿಗೆ ಇರುವುದೇ, ಭಯ ಬೇಡ. ಆದರೆ ಮನೆಯಲ್ಲಿ ಮರೆತುಬಂದ ದಿನ ಎದೆ ಹೊಡೆದುಕೊಂಡು ಕೆಲಸದ ಮೇಲೆ ಮನಸ್ಸೇ ನಿಲ್ಲದಿದ್ದರೆ, ರಾತ್ರಿ ಎಚ್ಚರವಾದಾಗಲೆಲ್ಲ ಕೈ ದಿಂಬಿನಡಿಗೆ ಹೋಗುತ್ತಿದ್ದರೆ, ವೈದ್ಯರೊಂದಿಗೆ ಮಾತನಾಡಿ. ಅದರ ಹಿಂದೆ ಬೇರೊಂದು ಆತಂಕ ಅಡಗಿರುವುದುಂಟು. ಮಲಗುವಾಗ ಫೋನನ್ನು ಕೋಣೆಯ ಆಚೆ ತುದಿಯಲ್ಲಿಡಿ. ವಯಸ್ಸಾದ ತಂದೆ ತಾಯಿ ದೂರದ ಊರಿನಲ್ಲಿದ್ದರೆ ಗಂಟೆಯ ಶಬ್ದ ಜೋರಾಗಿರಲಿ, ಅಷ್ಟೆ.

ಮಿದುಳಿನ ಕ್ಯಾನ್ಸರ್ ಬರುತ್ತದೆಯೇ ಎಂದು ಹಲವರು ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಇದನ್ನು 'ಸಾಧ್ಯತೆ ಇರಬಹುದು' ಎಂಬ ದುರ್ಬಲ ಪುರಾವೆಯ ಗುಂಪಿಗೆ ಸೇರಿಸಿತ್ತು. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಫೋನಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬಂದಿಲ್ಲ. ಆದರೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅಂಗಿಯ ಎದೆ ಜೇಬಿನಲ್ಲಿ ಫೋನ್ ಇಡಬಾರದು. ಕೆಲವು ಹೊಸ ಫೋನುಗಳ ಒಳಗೆ ಅಯಸ್ಕಾಂತವಿರುತ್ತದೆ. ಯಂತ್ರದಿಂದ ಕನಿಷ್ಠ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ದೂರವಿರಲಿ. ಪೇಸ್‌ಮೇಕರ್ ಎಡಗಡೆ ಇದ್ದರೆ ಬಲಗಿವಿಗೆ ಹಿಡಿದು ಮಾತನಾಡಿ.