ಹೆಚ್ಚು ಜನ ನೋಡದ ಅನಿಮೆಯನ್ನು ಗೆಳೆಯರಿಗೆ ಹೇಳುವುದು ಹೇಗೆ? ಹಂತ ಹಂತವಾಗಿ

ಅನಿಮೆ ನೋಡುವ ನಾಲ್ಕೈದು ಜನ ಒಂದೆಡೆ ಸೇರಿದರೆ ಮೊದಲು ಬರುವ ಹೆಸರುಗಳು ಎಲ್ಲರಿಗೂ ಗೊತ್ತು: ನರುಟೊ, ಒನ್ ಪೀಸ್, ಡೆತ್ ನೋಟ್, ಅಟ್ಯಾಕ್ ಆನ್ ಟೈಟನ್, ಡೀಮನ್ ಸ್ಲೇಯರ್. ಇವುಗಳನ್ನು ನೋಡಿ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಹನ್ನೊಂದೋ ಹದಿಮೂರೋ ಕಂತುಗಳಲ್ಲಿ ಮುಗಿದುಹೋಗುವ, ಟೀ ಶರ್ಟುಗಳ ಮೇಲೆ ಕಾಣಿಸಿಕೊಳ್ಳದ, ಆದರೆ ನೋಡಿದವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಸರಣಿಗಳು ಬೇಕಾದಷ್ಟಿವೆ. ಅವು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬಿದ್ದರಷ್ಟೇ ಮುಂದೆ ಸಾಗುತ್ತವೆ. ಹಾಗಾಗಿ ಹೇಳುವ ಬಗೆ ಮುಖ್ಯವಾಗುತ್ತದೆ.

ಈ ಇಡೀ ಬರಹದ ಸಾರ ಒಂದೇ ಮಾತು: ಸರಣಿಯಿಂದ ಶುರು ಮಾಡಬೇಡಿ, ನೋಡುವವರಿಂದ ಶುರು ಮಾಡಿ. ಎದುರಿಗಿರುವವರ ಅಭಿರುಚಿ ತಿಳಿಯದೆ ಹೆಸರು ಹೇಳುವುದು ಅಳತೆ ತೆಗೆಯದೆ ಅಂಗಿ ಹೊಲಿದ ಹಾಗೆ. ಬಟ್ಟೆ ಎಷ್ಟೇ ಚೆನ್ನಾಗಿರಲಿ, ಮೈಗೆ ಕೂರುವುದಿಲ್ಲ.

ಹಂತ 1: ಮೊದಲು ಮೂರು ಪ್ರಶ್ನೆ ಕೇಳಿ

"ಯಾವ ಥರದ ಅನಿಮೆ ಇಷ್ಟ?" ಎಂದು ಕೇಳಿದರೆ "ಆ್ಯಕ್ಷನ್", "ಫ್ಯಾಂಟಸಿ" ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಕೇಳಿ:

- ಇತ್ತೀಚೆಗೆ ನೋಡಿದ್ದರಲ್ಲಿ ಯಾವುದು ತುಂಬ ಹಿಡಿಸಿತು?
- ಅದರಲ್ಲಿ ಯಾವ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ?
- ಯಾವುದನ್ನು ಅರ್ಧಕ್ಕೇ ಬಿಟ್ಟಿರಿ, ಯಾಕೆ?

ಎರಡನೆಯ ಪ್ರಶ್ನೆಯ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಅಟ್ಯಾಕ್ ಆನ್ ಟೈಟನ್ ಇಷ್ಟಪಟ್ಟ ಮೂವರಲ್ಲಿ ಒಬ್ಬರು ಲೀವೈ ಕತ್ತಿ ಬೀಸುವ ರಭಸವನ್ನು ಹೇಳುತ್ತಾರೆ, ಇನ್ನೊಬ್ಬರು ನೆಲಮಾಳಿಗೆಯ ಗುಟ್ಟು ಬಿಚ್ಚಿಕೊಂಡ ಬಗೆಯನ್ನು, ಮತ್ತೊಬ್ಬರು ಯಾರು ಸರಿ ಯಾರು ತಪ್ಪು ಎಂದು ತಲೆ ಕೆಡಿಸಿದ ಕೊನೆಯ ಭಾಗವನ್ನು. ಮೂವರೂ ನೋಡಿದ್ದು ಒಂದೇ ಸರಣಿ. ಆದರೆ ಮೂವರಿಗೂ ಮುಂದೆ ಹೇಳಬೇಕಾದದ್ದು ಬೇರೆ ಬೇರೆ.

ಮೂರನೆಯ ಪ್ರಶ್ನೆಯೂ ಅಷ್ಟೇ ಬೆಲೆಯುಳ್ಳದ್ದು. "ತುಂಬ ನಿಧಾನ" ಎಂದು ಒಂದನ್ನು ಬಿಟ್ಟವರಿಗೆ ಇನ್ನೊಂದು ನಿಧಾನದ ಸರಣಿಯನ್ನು ಕೊಡಬೇಡಿ, ಅದು ನಿಮಗೆ ಎಷ್ಟೇ ಪ್ರಿಯವಾಗಿದ್ದರೂ ಸರಿ.

ಹಂತ 2: ನಿಮಗೆ ಯಾಕೆ ಇಷ್ಟವಾಯಿತು ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ

"ಸೂಪರ್ ಆಗಿದೆ, ನೋಡಿ" ಎಂಬ ಮಾತಿಗೆ ತೂಕವಿಲ್ಲ. ಯಾವುದಾದರೂ ಒಂದು ನಿರ್ದಿಷ್ಟ ಸಂಗತಿಯನ್ನು ಹಿಡಿಯಿರಿ.

ಉದಾಹರಣೆಗೆ ಪ್ಲಾನೆಟೀಸ್. 2003ರಲ್ಲಿ ಶುರುವಾದ, 26 ಕಂತುಗಳ ಸರಣಿ. ಕಥೆ ನಡೆಯುವುದು 2075ರಲ್ಲಿ. ಪಾತ್ರಗಳ ಕೆಲಸ ಭೂಮಿಯ ಸುತ್ತ ತೇಲುವ ಹಳೆಯ ಉಪಗ್ರಹದ ತುಂಡುಗಳನ್ನು, ಕಸವನ್ನು ಹೆಕ್ಕುವುದು. ಸರಣಿಯ ಆರಂಭದಲ್ಲೇ ಒಂದು ಪುಟ್ಟ ಸ್ಕ್ರೂ ಪ್ರಯಾಣಿಕರ ನೌಕೆಯ ಕಿಟಕಿಗೆ ಬಂದು ಬಡಿಯುತ್ತದೆ. ಅಷ್ಟು ಚಿಕ್ಕದೊಂದು ವಸ್ತು ಎಷ್ಟು ಜೀವಗಳನ್ನು ತೆಗೆಯಬಲ್ಲದು ಎಂಬುದು ಅಲ್ಲೇ ಮನಸ್ಸಿಗೆ ನಾಟುತ್ತದೆ. "ಬಾಹ್ಯಾಕಾಶದ ಕಥೆ" ಎಂದು ಹೇಳುವುದರ ಬದಲು ಆ ಸ್ಕ್ರೂ ಬಗ್ಗೆ ಹೇಳಿ. ಬೆಂಗಳೂರಿನ ಇಸ್ರೊ ಕೂಡ ಬಾಹ್ಯಾಕಾಶದ ಕಸದ ಮೇಲೆ ಕಣ್ಣಿಟ್ಟು ಕೂತಿರುವ ಈ ಕಾಲದಲ್ಲಿ ಕೇಳುವವರಿಗೆ ಅದರ ಬಿಸಿ ಕೂಡಲೇ ತಟ್ಟುತ್ತದೆ.

ಕಾರಣ ಬರೆಯಲು ಹೋದಾಗ ಏನೂ ಹೊಳೆಯದಿದ್ದರೆ ಮೊದಲ ಕಂತನ್ನು ಮತ್ತೊಮ್ಮೆ ನೋಡಿ. ಹೆಚ್ಚು ಜನ ನೋಡಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಸರಣಿಯೂ ಒಳ್ಳೆಯದಾಗುವುದಿಲ್ಲ.

ಹಂತ 3: ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಕೊಂಡಿ ಹುಡುಕಿ

ಹೊಸಬರಿಗೆ ಇದು ಎಲ್ಲಕ್ಕಿಂತ ಸುಲಭದ ದಾರಿ. ಜನಪ್ರಿಯ ಸರಣಿಯ ಲೇಖಕರು, ನಿರ್ದೇಶಕರು, ಸ್ಟುಡಿಯೊ ಬೇರೇನು ಮಾಡಿದ್ದಾರೆ ಎಂದು ನೋಡಿ. ನಂಬಬಹುದಾದ ಕೆಲವು ಕೊಂಡಿಗಳು:

- ಫುಲ್‌ಮೆಟಲ್ ಆಲ್ಕೆಮಿಸ್ಟ್‌ನಿಂದ ಸಿಲ್ವರ್ ಸ್ಪೂನ್‌ಗೆ. ಎರಡರ ಮೂಲ ಮಾಂಗಾ ಬರೆದದ್ದು ಹಿರೊಮು ಅರಾಕಾವಾ. ಹೊಕ್ಕೈಡೊದ ಹೈನುಗಾರಿಕೆ ಕುಟುಂಬದಲ್ಲಿ ಹುಟ್ಟಿ ಬೆಳೆದವರು ಅವರು. ಸಿಲ್ವರ್ ಸ್ಪೂನ್‌ನಲ್ಲಿ (2013) ಪಟ್ಟಣದ ಹುಡುಗ ಹಚಿಕೆನ್ ಕೃಷಿ ಶಾಲೆಗೆ ಸೇರುತ್ತಾನೆ. ಅಲ್ಲಿ ಒಂದು ಹಂದಿಮರಿಗೆ ಹೆಸರಿಟ್ಟು ಸಾಕುತ್ತಾನೆ, ಅದು ಮುಂದೆ ಮಾಂಸಕ್ಕೆ ಹೋಗುವುದೆಂದು ಗೊತ್ತಿದ್ದೂ.
- ವಿನ್ಲ್ಯಾಂಡ್ ಸಾಗಾದಿಂದ ಪ್ಲಾನೆಟೀಸ್‌ಗೆ. ಎರಡೂ ಮಕೊಟೊ ಯುಕಿಮುರಾ ಅವರ ಮಾಂಗಾಗಳು.
- ಕೌಬಾಯ್ ಬೀಬಾಪ್‌ನಿಂದ ಕಿಡ್ಸ್ ಆನ್ ದ ಸ್ಲೋಪ್‌ಗೆ. ನಿರ್ದೇಶಕ ಶಿನಿಚಿರೊ ವತನಾಬೆ, ಸಂಗೀತ ಯೊಕೊ ಕನ್ನೊ, ಅದೇ ಜೋಡಿ. 2012ರಲ್ಲಿ ಬಂದ 12 ಕಂತುಗಳು. 1966ರ ಸಾಸೆಬೊ ಊರಿನಲ್ಲಿ ಪಿಯಾನೊ ನುಡಿಸುವ ಹುಡುಗನಿಗೂ ಡ್ರಮ್ಸ್ ಬಾರಿಸುವ ಹುಡುಗನಿಗೂ ಜಾಜ್ ಮೂಲಕ ಗೆಳೆತನ ಬೆಳೆಯುತ್ತದೆ. ನಿಜವಾದ ವಾದಕರು ನುಡಿಸುವುದನ್ನು ಚಿತ್ರೀಕರಿಸಿ, ಅದರ ಆಧಾರದ ಮೇಲೆ ಬೆರಳುಗಳ ಚಲನೆಯನ್ನು ಬಿಡಿಸಿದ್ದಾರೆ.
- ಡೆತ್ ನೋಟ್‌ನಿಂದ ಮಾನ್‌ಸ್ಟರ್‌ಗೆ. ಎರಡೂ ಮ್ಯಾಡ್‌ಹೌಸ್ ಸ್ಟುಡಿಯೊದವು. ಜರ್ಮನಿಯಲ್ಲಿರುವ ಜಪಾನಿ ವೈದ್ಯ ತೆನ್ಮಾ ಒಬ್ಬ ಬಾಲಕನ ಜೀವ ಉಳಿಸುತ್ತಾನೆ. ಆ ಬಾಲಕ ಬೆಳೆದು ಕೊಲೆಗಾರನಾಗುತ್ತಾನೆ.

"ನೀನು ಇಷ್ಟಪಟ್ಟದ್ದನ್ನು ಮಾಡಿದವರೇ ಇದನ್ನೂ ಮಾಡಿದ್ದು" ಎಂಬ ಒಂದು ಮಾತು ಅಪರಿಚಿತ ಹೆಸರಿನ ಮೇಲಿನ ಅರ್ಧ ಹಿಂಜರಿಕೆಯನ್ನು ಕಳೆಯುತ್ತದೆ.

ಹಂತ 4: ಅನಿಮೆಯಾಚೆಗಿನ ಆಸಕ್ತಿಯನ್ನೂ ನೋಡಿ

ಕೆಲವೊಮ್ಮೆ ಕೊಂಡಿ ಅನಿಮೆಯೊಳಗೆ ಸಿಗುವುದಿಲ್ಲ. ಆ ವ್ಯಕ್ತಿಯ ದಿನನಿತ್ಯದ ಬದುಕಿನಲ್ಲಿ ಸಿಗುತ್ತದೆ. ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಳ್ಳೆಯ ಶಿಫಾರಸುಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಯಕ್ಷಗಾನ ತಾಳಮದ್ದಳೆಯ ಹುಚ್ಚಿರುವ ಗೆಳೆಯರಿದ್ದಾರೆಯೇ? ಅವರಿಗೆ ಶೊವಾ ಗೆನ್ರೊಕು ರಕುಗೊ ಶಿಂಜು (2016) ಹೇಳಿ. ರಕುಗೊ ಜಪಾನಿನ ಹಳೆಯ ಕಥೆ ಹೇಳುವ ಕಲೆ. ಕಿಮೊನೊ ಉಟ್ಟ ಒಬ್ಬರೇ ಕಲಾವಿದರು ದಿಂಬಿನ ಮೇಲೆ ಮಂಡಿಯೂರಿ ಕೂರುತ್ತಾರೆ. ಕೈಯಲ್ಲಿ ಒಂದು ಬೀಸಣಿಗೆ, ಒಂದು ಚಿಕ್ಕ ಬಟ್ಟೆ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಮುಖ ಬಲಕ್ಕೆ ತಿರುಗಿದರೆ ಒಂದು ಪಾತ್ರ, ಎಡಕ್ಕೆ ತಿರುಗಿದರೆ ಇನ್ನೊಂದು. ಮಡಚಿದ ಬೀಸಣಿಗೆಯೇ ಹೊಗೆಸೊಪ್ಪಿನ ಕೊಳವೆ, ಅದೇ ಊಟದ ಕಡ್ಡಿ. ಸರಣಿಯಲ್ಲಿ ಈ ಕಥನವನ್ನು ಚುಟುಕಾಗಿ ತೋರಿಸಿ ಮುಗಿಸುವುದಿಲ್ಲ. ಹಲವು ನಿಮಿಷ ಹಾಗೇ ಬಿಡುತ್ತಾರೆ. ಮೊದಲು ಬಿಗಿಯಾಗಿ ಕೂತ ಸಭೆ, ಹಣೆಯ ಮೇಲೆ ಮೂಡುವ ಬೆವರು, ಒಂದು ಮೂಲೆಯಿಂದ ಬರುವ ಮೊದಲ ನಗು, ಆಮೇಲೆ ಇಡೀ ಸಭೆ ಸಡಿಲಾಗುವುದು. ಮಾತಿನಿಂದಲೇ ಲೋಕ ಕಟ್ಟುವುದನ್ನು ಊರಿನ ದೇವಸ್ಥಾನದಲ್ಲಿ ಕೂತು ಸವಿದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಭಾಷೆ, ನಿಘಂಟು ಎಂದರೆ ಜೀವ ಬಿಡುವವರು, ಜಿ. ವೆಂಕಟಸುಬ್ಬಯ್ಯನವರ ಬರಹಗಳನ್ನು ಓದಿ ಬೆಳೆದವರು ಇದ್ದರೆ ದ ಗ್ರೇಟ್ ಪ್ಯಾಸೇಜ್ (2016, 11 ಕಂತು) ಹೇಳಿ. ಒಂದು ಪ್ರಕಾಶನ ಸಂಸ್ಥೆಯ ಪುಟ್ಟ ವಿಭಾಗ ವರ್ಷಾನುಗಟ್ಟಲೆ ಕೂತು ನಿಘಂಟು ಕಟ್ಟುವುದೇ ಕಥೆ. ಪುಟ ತಿರುವುವಾಗ ಹಾಳೆ ಬೆರಳಿಗೆ ಹಿತವಾಗಿ ಅಂಟಬೇಕು, ಆದರೆ ಎರಡು ಹಾಳೆ ಒಟ್ಟಿಗೆ ಬರಬಾರದು ಎಂದು ಕಾಗದಕ್ಕಾಗಿ ಅವರು ಪಡುವ ಪಾಡನ್ನು ನೋಡಿಯೇ ತಿಳಿಯಬೇಕು.

ಹಂತ 5: ಉದ್ದ, ವೇಗ, ಎಚ್ಚರಿಕೆ ಮೂರನ್ನೂ ಮೊದಲೇ ಹೇಳಿ

ಒಂದು ಕಂತು ಸಾಮಾನ್ಯವಾಗಿ 24 ನಿಮಿಷ. ಹನ್ನೊಂದು ಕಂತೆಂದರೆ ಸುಮಾರು ನಾಲ್ಕೂವರೆ ಗಂಟೆ, ಒಂದು ಭಾನುವಾರದ ಕೆಲಸ. ಮಾನ್‌ಸ್ಟರ್‌ನ 74 ಕಂತೆಂದರೆ ಹತ್ತಿರ ಹತ್ತಿರ 30 ಗಂಟೆ. ಪರೀಕ್ಷೆ ಎದುರಿಗಿರುವ ತಂಗಿಗೆ ಯಾವುದು ಹೇಳಬೇಕು ಎಂಬುದನ್ನು ನೀವೇ ಯೋಚಿಸಿ.

ವೇಗದ ಮಾತು ನಮಗೆ ಇನ್ನೂ ಮುಖ್ಯ. ಕನ್ನಡದ ಬಹಳಷ್ಟು ಪ್ರೇಕ್ಷಕರು ಜಪಾನಿ ಧ್ವನಿಯೊಂದಿಗೆ ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡುತ್ತಾರೆ. ಮಸಾಕಿ ಯುವಾಸ ನಿರ್ದೇಶಿಸಿದ ದ ಟಾಟಾಮಿ ಗ್ಯಾಲಕ್ಸಿ (2010) ಅದ್ಭುತ ಕೃತಿ. ಆದರೆ ಅದರ ನಾಯಕ, ಕ್ಯೋಟೊದ ಒಬ್ಬ ವಿದ್ಯಾರ್ಥಿ, ಉಸಿರು ತೆಗೆದುಕೊಳ್ಳದೆ ಕಥೆ ಹೇಳುತ್ತಾ ಹೋಗುತ್ತಾನೆ. ಅಕ್ಷರಗಳು ಬಂದಷ್ಟೇ ಬೇಗ ಮಾಯವಾಗುತ್ತವೆ. ಸಬ್‌ಟೈಟಲ್ ಓದಿ ಅಭ್ಯಾಸವಿಲ್ಲದವರಿಗೆ ಇದನ್ನು ಮೊದಲ ಸರಣಿಯಾಗಿ ಕೊಡಬೇಡಿ. ಕೊಟ್ಟರೂ "ಮೊಬೈಲಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ನೋಡಿ, ಬೇಕೆಂದಲ್ಲಿ ನಿಲ್ಲಿಸಿ ಓದಿ" ಎಂದು ಹೇಳಿ.

ಮನಸ್ಸಿಗೆ ಕಷ್ಟವಾಗುವ ವಿಷಯಗಳನ್ನು ಮುಚ್ಚಿಡಬೇಡಿ. ಮಾನ್‌ಸ್ಟರ್‌ನಲ್ಲಿ ಕೊಲೆ, ಮಕ್ಕಳ ಮೇಲಿನ ಕ್ರೌರ್ಯ ಇದೆ. ರಕುಗೊ ಸರಣಿಯಲ್ಲಿ ಆತ್ಮಹತ್ಯೆಯ ವಿಷಯ ಬರುತ್ತದೆ. ಚಿಕ್ಕವರಿಗೆ ಹೇಳುವಾಗಲಂತೂ ಇದನ್ನು ಮರೆಯಲೇಬಾರದು. ಅನಿಮೆ ಎಂದರೆ ಮಕ್ಕಳ ಕಾರ್ಟೂನ್ ಎಂದುಕೊಂಡಿರುವ ಮನೆಗಳು ಇನ್ನೂ ಇವೆ.

ಹಂತ 6: ಸಿಗುತ್ತದೆಯೇ ಎಂದು ನೋಡಿ, ಹೆಸರನ್ನು ಸರಿಯಾಗಿ ಕೊಡಿ

ಪರವಾನಗಿ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಆಗಾಗ ಬದಲಾಗುತ್ತದೆ. ಅಮೆರಿಕದಲ್ಲಿರುವ ಅಣ್ಣನಿಗೆ ಸಿಗುವ ಸರಣಿ ಹಾಸನದಲ್ಲಿರುವ ತಮ್ಮನಿಗೆ ಸಿಗದೇ ಇರಬಹುದು. ಕ್ರಂಚಿರೋಲ್, ನೆಟ್‌ಫ್ಲಿಕ್ಸ್‌ನಂಥ ಕಡೆ ಅದೇ ದಿನ ಹುಡುಕಿ, ಸಿಕ್ಕ ಜಾಗವನ್ನೇ ಹೇಳಿ. ಕದ್ದು ಹಾಕಿದ ಪ್ರತಿಗಳ ಕೊಂಡಿ ಕಳಿಸಬೇಡಿ. ಸಣ್ಣ ಸರಣಿಗೆ ಪ್ರತಿಯೊಬ್ಬ ಪ್ರೇಕ್ಷಕನೂ ಲೆಕ್ಕಕ್ಕೆ ಬರುತ್ತಾನೆ. ಕಳ್ಳ ಪ್ರತಿಯಲ್ಲಿ ನೋಡಿದವರು ಆ ಲೆಕ್ಕಕ್ಕೆ ಸೇರುವುದಿಲ್ಲ.

ಇಂಗ್ಲಿಷ್ ಹೆಸರು, ಜಪಾನಿ ಹೆಸರು, ವರ್ಷ ಮೂರನ್ನೂ ಕೊಡಿ. ಸಿಲ್ವರ್ ಸ್ಪೂನ್ ಒಂದು ಕಡೆ ಗಿನ್ ನೊ ಸಾಜಿ ಎಂದಿರುತ್ತದೆ. ದ ಗ್ರೇಟ್ ಪ್ಯಾಸೇಜ್ ಹೆಸರಿನಲ್ಲಿ ನಟರು ಅಭಿನಯಿಸಿದ 2013ರ ಸಿನಿಮಾ ಕೂಡ ಇದೆ. ವರ್ಷ ಹೇಳದಿದ್ದರೆ ಗೆಳೆಯರು ಅದನ್ನೇ ನೋಡಿ ಬಂದಾರು.

ಹಂತ 7: ಒಂದೇ ಹೆಸರು, ಮೂರೇ ವಾಕ್ಯ

ಹತ್ತು ಹೆಸರಿನ ಪಟ್ಟಿ ಕಳಿಸಿದರೆ ಒಂದನ್ನೂ ನೋಡುವುದಿಲ್ಲ. ಒಂದೇ ಹೇಳಿ. ಮೊದಲ ವಾಕ್ಯದಲ್ಲಿ ಅವರಿಗೇ ಯಾಕೆ, ಎರಡನೆಯದರಲ್ಲಿ ಕಥೆಯ ಆರಂಭ ಮಾತ್ರ, ಮೂರನೆಯದರಲ್ಲಿ ಏನು ಎದುರುನೋಡಬೇಕು ಎಂಬುದು. ಮಂಗಳೂರು ಕಡೆಯ ತಾಳಮದ್ದಳೆಪ್ರಿಯ ಗೆಳೆಯನಿಗೆ ಕಳಿಸುವ ಸಂದೇಶ ಹೀಗಿರಬಹುದು:

"ಮಾರಾಯ, ರಾತ್ರಿಯಿಡೀ ತಾಳಮದ್ದಳೆಗೆ ಕೂರುವವ ನೀನು, ಹಾಗಾಗಿ ನಿನಗೇ ಹೇಳ್ತಾ ಇದ್ದೇನೆ, ರಕುಗೊ ಶಿಂಜು ನೋಡು. ಜೈಲಿನಿಂದ ಬಿಡುಗಡೆಯಾದ ಒಬ್ಬ ಹುಡುಗ ದೊಡ್ಡ ಕಥೆಗಾರರೊಬ್ಬರ ಶಿಷ್ಯ ಆಗ್ಬೇಕು ಅಂತ ಹಟ ಹಿಡಿದು ಬರ್ತಾನೆ. ಮೊದಲ ಕಂತು ಮುಕ್ಕಾಲು ಗಂಟೆ ಉಂಟು, ನಿಧಾನ ಹೋಗ್ತದೆ, ಅವನು ವೇದಿಕೆಯಲ್ಲಿ ಕಳ್ಳನ ಕಥೆ ಹೇಳುವವರೆಗೆ ನೋಡು, ಮತ್ತೆ ನಿನಗೆ ಬಿಟ್ಟದ್ದು."

"ಕೊನೆಯಲ್ಲಿ ದೊಡ್ಡ ತಿರುವು ಇದೆ" ಎಂದೂ ಹೇಳಬೇಡಿ. ಅದೂ ಸ್ಪಾಯ್ಲರ್ ಆಗುತ್ತದೆ. ನೋಡುವವರು ಕಥೆ ಬಿಟ್ಟು ತಿರುವಿಗಾಗಿ ಕಾಯತೊಡಗುತ್ತಾರೆ.

ಹಂತ 8: ಎಲ್ಲಿಯವರೆಗೆ ನೋಡಬೇಕೆಂದು ಹೇಳಿ, ಆಮೇಲೆ ಬಿಟ್ಟುಬಿಡಿ

ಮುಂದುವರಿಯುವ ಕಥೆಗೆ ಮೂರು ಕಂತಿನ ಗಡಿ ಇಡುವುದು ಅನಿಮೆ ಅಭಿಮಾನಿಗಳಲ್ಲಿ ರೂಢಿ. ಬಿಡಿ ಬಿಡಿ ಕಥೆಗಳ ಸರಣಿಗೆ ಒಂದು ಕಂತು ಸಾಕು. ಉದಾಹರಣೆಗೆ ಮುಶಿಶಿ ಎಂಬ ಸರಣಿಯ ಮೊದಲ ಕಂತಿನಲ್ಲಿ ಒಬ್ಬ ಬಾಲಕ ಎಡಗೈಯಲ್ಲಿ ಬರೆದದ್ದೆಲ್ಲ ಜೀವ ತಳೆದು ಹಾಳೆಯಿಂದ ಎದ್ದು ಹೋಗುತ್ತದೆ. ಅದು ಮನಸ್ಸಿಗೆ ಹಿಡಿಸಿದರೆ ಉಳಿದ ಕಂತುಗಳೂ ಹಿಡಿಸುತ್ತವೆ.

"ನೋಡಿದೆಯಾ? ನೋಡಿದೆಯಾ?" ಎಂದು ದಿನಾ ಕೇಳಬೇಡಿ. ನೋಡಿದವರು ತಾವಾಗಿ ಬಂದು ಹೇಳುತ್ತಾರೆ. ಹಿಡಿಸಲಿಲ್ಲ ಎಂದರೆ ವಾದಕ್ಕೆ ಇಳಿಯಬೇಡಿ, "ಎಲ್ಲಿ ಬೇಸರ ಬಂತು?" ಎಂದು ಕೇಳಿ. ಆ ಉತ್ತರವೇ ಮುಂದಿನ ಸಲಕ್ಕೆ ಹಂತ 1. ಜೊತೆಗೆ ಅವರು ಹೇಳಿದ ಸರಣಿಯನ್ನು ನೀವೂ ನೋಡಿ; ಒಂದು ಕಡೆಯಿಂದಷ್ಟೇ ನಡೆಯುವ ಶಿಫಾರಸು ಹೆಚ್ಚು ದಿನ ಬಾಳುವುದಿಲ್ಲ.

ಶುರು ಮಾಡಲು ನಾಲ್ಕು ಸರಣಿ

- ಅನಿಮೆಯನ್ನೇ ನೋಡದವರಿಗೆ: ಎ ಪ್ಲೇಸ್ ಫರ್ದರ್ ದ್ಯಾನ್ ದ ಯೂನಿವರ್ಸ್ (2018, 13 ಕಂತು). ನಾಲ್ವರು ಹುಡುಗಿಯರು ಅಂಟಾರ್ಕ್ಟಿಕಾಗೆ ಹೊರಡುತ್ತಾರೆ. ನಗಿಸುತ್ತದೆ, ಅಳಿಸುತ್ತದೆ.
- ಪತ್ತೇದಾರಿ ಪ್ರಿಯರಿಗೆ: ಆಡ್ ಟ್ಯಾಕ್ಸಿ (2021, 13 ಕಂತು). ಪಾತ್ರಗಳೆಲ್ಲ ಪ್ರಾಣಿರೂಪದವು, ಟ್ಯಾಕ್ಸಿ ಓಡಿಸುವ ವಾಲ್ರಸ್ ಮತ್ತು ಕಾಣೆಯಾದ ಹುಡುಗಿಯ ಪ್ರಕರಣ. ಕಾರಿನೊಳಗಿನ ಹರಟೆಯೂ ವ್ಯರ್ಥವಾಗುವುದಿಲ್ಲ.
- ಶಾಲಾ ಹುಡುಗರ ಸಾಹಸ ಸಾಕೆನಿಸಿದವರಿಗೆ: ಮೊರಿಬಿಟೊ (2007, 26 ಕಂತು). ಮೂವತ್ತರ ಹರೆಯದ ಈಟಿಗಾರ್ತಿ ಬಾಲ್ಸಾ ಒಬ್ಬ ರಾಜಕುಮಾರನನ್ನು ಕಾಯುತ್ತಾಳೆ. ಕಾದಾಟ ಕಡಿಮೆ, ಬದುಕಿನ ವಿವರ ಹೆಚ್ಚು.
- ರಾತ್ರಿ ಮಲಗುವ ಮುನ್ನ ಒಂದೊಂದೇ ಕಂತು ನೋಡುವವರಿಗೆ: ಮುಶಿಶಿ (2005, 26 ಕಂತು).

ಇದನ್ನು ಓದಿ ಮುಗಿಸಿದ ಮೇಲೆ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ, ಇಡೀ ಗೆಳೆಯರ ಬಳಗ ಬೇಡ. ಅವರಿಗೆ ಮೇಲಿನ ಮೂರು ಪ್ರಶ್ನೆ ಕಳಿಸಿ. ಉತ್ತರ ಬಂದ ಮೇಲೆ ಒಂದು ಹೆಸರು ಆರಿಸಿ. ಸರಣಿ ಅವರಿಗೆ ಹಿಡಿಸದೇ ಹೋದರೂ ತಮ್ಮ ಅಭಿರುಚಿಯನ್ನು ಇಷ್ಟು ಗಮನಿಸಿದವರೊಬ್ಬರಿದ್ದಾರೆ ಎಂಬುದು ಅವರಿಗೆ ತಿಳಿದಿರುತ್ತದೆ, ಮುಂದಿನ ಸಲ ನೀವು ಹೇಳಿದ್ದನ್ನು ನಂಬಿ ನೋಡುತ್ತಾರೆ.