ಹಳೆಯ ಸಾಮಾನಿಗೂ ಹಕ್ಕುದಾರನಿದ್ದಾನೆ



ಈದ್ ಹತ್ತಿರವಾದಂತೆ ನಮ್ಮ ಕ್ಯಾಂಪುಗಳಲ್ಲಿ ಊರಿಗೆ ಹೊರಡುವವರ ಗಡಿಬಿಡಿ ಶುರುವಾಗುತ್ತದೆ. ಪೆಟ್ಟಿಗೆಯಲ್ಲಿ ಹಿಡಿಯದ ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನ್, ಕುಕ್ಕರ್, ಕಂಬಳಿ ಕಸದ ತೊಟ್ಟಿಯ ಪಕ್ಕಕ್ಕೆ ಬಂದು ಬೀಳುತ್ತವೆ. ಅದೇ ವಾರ ಪಕ್ಕದ ಬ್ಲಾಕಿಗೆ ಹೊಸದಾಗಿ ಬಂದ ಹುಡುಗ, ಮೊದಲ ಸಂಬಳ ಕೈಸೇರುವ ಮುನ್ನವೇ, ಅವೇ ಸಾಮಾನುಗಳಿಗಾಗಿ ಸಾಲ ಕೇಳುತ್ತಿರುತ್ತಾನೆ. ವೀಸಾಕ್ಕೆಂದು ಊರಲ್ಲಿ ಮಾಡಿದ ಸಾಲ ಬೇರೆ.

ಪ್ರವಾದಿ(ಸ)ರ ಪತ್ನಿ ಮೈಮೂನ(ರ)ರ ಸೇವಕಿಯೊಬ್ಬರಿಗೆ ಸದಕಾವಾಗಿ ಸಿಕ್ಕಿದ್ದ ಕುರಿಯೊಂದು ಸತ್ತುಹೋಯಿತು. ಅದು ಬಿದ್ದಿರುವುದನ್ನು ಕಂಡ ಪ್ರವಾದಿ(ಸ), ಅದರ ಚರ್ಮವನ್ನು ಹದಮಾಡಿ ಏಕೆ ಬಳಸಲಿಲ್ಲವೆಂದು ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದು ಜನ ಹೇಳಿದಾಗ, ನಿಷಿದ್ಧವಾದದ್ದು ತಿನ್ನುವುದು ಮಾತ್ರ ಎಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಫಿಕ್ಹ್‌ನಲ್ಲಿ ಇದು ಚರ್ಮದ ವಿಧಿ. ಆದರೆ ಆ ಪ್ರಶ್ನೆಯನ್ನು ನಮ್ಮ ತೊಟ್ಟಿಯ ಪಕ್ಕ ನಿಂತು ಒಮ್ಮೆ ಕೇಳಿಕೊಳ್ಳಿ.

ನಮ್ಮವರಿಗೆ ಇದು ಹೊಸ ಪಾಠವೂ ಅಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳೇ ಕೌದಿಯಾಗುತ್ತವೆ. ಆ ಕೌದಿ ಹೊದ್ದು ಬೆಳೆದವರೇ ಇಲ್ಲಿ ಒಂದು ಚಳಿಗಾಲಕ್ಕೊಂದು ಕಂಬಳಿ ಕೊಂಡು ಎಸೆಯುತ್ತೇವೆ! ಒಂದು ಹತ್ತಿ ಟೀ-ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಸಮುದ್ರದ ನೀರನ್ನು ಸಿಹಿಯಾಗಿಸಿ ಕುಡಿಯುವ ಈ ನಾಡಿನಲ್ಲಿ ಬದುಕುವ ನಮಗೆ ನೀರಿನ ಬೆಲೆ ಗೊತ್ತಿರಬೇಕು.

ಇನ್ನು ಕೊಡುವ ರೀತಿ. ನಾವು ಎಡವುವುದು ಹೆಚ್ಚಾಗಿ ಇಲ್ಲೇ. ಮದೀನಾದಲ್ಲಿ ಬಡವರು ತಿನ್ನಲೆಂದು ಮಸೀದಿಯಲ್ಲಿ ಖರ್ಜೂರದ ಗೊನೆಗಳನ್ನು ತೂಗುಹಾಕುವ ರೂಢಿಯಿತ್ತು. ಕೆಲವರು ಒಣಗಿದ, ಕೆಟ್ಟ ಗೊನೆಗಳನ್ನು ತಂದು ತೂಗಿದರು. ಅಲ್-ಬಕರ ಅಧ್ಯಾಯದ 267ನೇ ಸೂಕ್ತ ಅವತೀರ್ಣವಾದದ್ದು ಈ ಸಂದರ್ಭದಲ್ಲಿ ಎಂದು ತಿರ್ಮಿದಿಯಲ್ಲಿದೆ. ನಿಮಗೇ ಕೊಟ್ಟರೆ ಕಣ್ಣುಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳದಂಥ ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂಬುದು ಅದರ ಆಶಯ. ಆದ್ದರಿಂದ ಅಂಗಿಯನ್ನು ಒಗೆದು, ಗುಂಡಿ ಹೊಲಿದು, ಮಡಚಿ ಕೊಡಿ. ಪ್ರವಾದಿ(ಸ) ಮನೆಯಲ್ಲಿ ತಮ್ಮ ಪಾದರಕ್ಷೆಯನ್ನೂ ಬಟ್ಟೆಯನ್ನೂ ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ಸೂಜಿ ಹಿಡಿಯಲು ನಮಗೇಕೆ ನಾಚಿಕೆ? ತಿಗಣೆ ಹತ್ತಿದ ಹಾಸಿಗೆಯನ್ನು ಮಾತ್ರ ಯಾರಿಗೂ ಕೊಡಬೇಡಿ. ಅದು ಒಬ್ಬನಿಗೆ ಕೊಟ್ಟ ದಾನವಲ್ಲ, ಇಡೀ ಕೋಣೆಗೆ ಕೊಟ್ಟ ಕಾಟ. ಪೆಟ್ಟು ತಿಂದ ಹೆಲ್ಮೆಟ್, ಬಿರುಕುಬಿಟ್ಟ ಗ್ಯಾಸ್ ಪೈಪ್ ಕೂಡ ಹಾಗೆಯೇ.

ಮಾರುವುದಾದರೆ ಮಾರಿ, ತಪ್ಪಿಲ್ಲ. ಆದರೆ ಫ್ರಿಜ್ ರಾತ್ರಿ ಸದ್ದು ಮಾಡುತ್ತದೆ ಎಂದಾದರೆ ಹೇಳಿಯೇ ಮಾರಿ. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ದೋಷವನ್ನು ತಿಳಿಸಿದರೆ ಆ ವ್ಯವಹಾರದಲ್ಲಿ ಬರ್ಕತ್ ಇದೆ, ಮರೆಮಾಚಿದರೆ ಅದು ಅಳಿಸಿಹೋಗುತ್ತದೆ ಎಂದು ಹದೀಸ್ ಕಲಿಸುತ್ತದೆ.

ಕಂಪೆನಿ ಕೊಟ್ಟ ಮಂಚ, ಸೈಟಿನಲ್ಲಿ ಉಳಿದ ವೈರು, ಪೇಂಟು ನಿಮ್ಮದಲ್ಲ, ಅವು ಅಮಾನತ್. ತೊಟ್ಟಿಗೆ ಹೋಗುವುದೇ ಆದರೂ ಫೋರ್‌ಮನ್‌ನನ್ನು ಕೇಳಿ ತೆಗೆದುಕೊಳ್ಳಿ. ಹಳೆಯ ಬಟ್ಟೆ ಸದಕಾ ಆಗುತ್ತದೆ, ಫಿತ್ರ್ ಝಕಾತ್ ಆಗುವುದಿಲ್ಲ. ಕೋಣೆಯವರೊಳಗೆ ಕೈಯಿಂದ ಕೈಗೆ ಕೊಡುವುದು ಬೇರೆ, ಊರವರಿಂದೆಲ್ಲ ಸಂಗ್ರಹಿಸುವುದು ಬೇರೆ. ಯುಎಇಯಲ್ಲಿ ಪರವಾನಗಿಯಿಲ್ಲದೆ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸುವುದು ಅಪರಾಧ.

ಮೊಬೈಲ್ ಕೊಡುವಾಗ ಸಿಮ್ ತೆಗೆದಿಟ್ಟುಕೊಳ್ಳಿ. ಅದು ನಿಮ್ಮ ಗುರುತಿನ ಚೀಟಿಯ ಮೇಲಿದೆ, ಅದರಿಂದ ಯಾರು ಏನು ಮಾಡಿದರೂ ಮೊದಲು ವಿಚಾರಣೆ ನಿಮಗೆ. ಗೂಗಲ್ ಖಾತೆಯಿಂದ ಹೊರಬಂದ ಮೇಲೆಯೇ ಫೋನಿನಲ್ಲಿರುವುದನ್ನೆಲ್ಲ ಅಳಿಸಿ. ಇಲ್ಲವಾದರೆ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತ ಕುಳಿತುಬಿಡುತ್ತದೆ, ಅಷ್ಟರಲ್ಲಿ ನೀವು ಮಂಗಳೂರಿನಲ್ಲಿ ಇಳಿದಿರುತ್ತೀರಿ.