ಸೋಲಿಸಿದವರಿಗೇ ಪಟ್ಟ

ಪ್ರಶ್ನೆ: ಕ್ರೀಡೆಯಲ್ಲಿ ಅತಿ ಹಳೆಯ ವಿಶ್ವ ಚಾಂಪಿಯನ್‌ಶಿಪ್ ‘ರಿಯಲ್ ಟೆನಿಸ್’ನದು, ಅದರ ಚಾಂಪಿಯನ್ನರ ಪಟ್ಟಿ 1740ರಿಂದ ಶುರುವಾಗುತ್ತದೆ ಎಂದು ಒಂದು ರಸಪ್ರಶ್ನೆ ಕಾರ್ಯಕ್ರಮದಲ್ಲಿ ಕೇಳಿದೆ. ವಿಂಬಲ್ಡನ್ ಆರಂಭವಾದದ್ದೇ 1877ರಲ್ಲಲ್ಲವೆ? ಏನಿದು ಆಟ? ಅಷ್ಟು ಹಿಂದೆ ವಿಶ್ವ ಚಾಂಪಿಯನ್ ಯಾರೆಂದು ಹೇಗೆ ತೀರ್ಮಾನಿಸುತ್ತಿದ್ದರು?

ಉತ್ತರ: ನೀವು ಕೇಳಿದ್ದು ನಿಜವೇ. ಆದರೆ 1740ರಲ್ಲಿ ಯಾವುದೋ ಟೂರ್ನಿ ನಡೆದು, ಗೆದ್ದವನಿಗೆ ಕಪ್ ಕೊಟ್ಟರು ಎಂದುಕೊಳ್ಳಬೇಡಿ. ಆ ಹೊತ್ತಿಗೆ ಫ್ರಾನ್ಸಿನಲ್ಲಿ ಕ್ಲೆರ್ಜೆ ಎಂಬ ಆಟಗಾರನನ್ನು ಮೀರಿಸುವವರಿಲ್ಲ ಎಂದು ಆಟ ಬಲ್ಲವರು ಒಪ್ಪಿದ್ದರು. ಪಟ್ಟಿಯ ಮೊದಲ ಹೆಸರು ಆತನದು, ವರ್ಷ ಅಂದಾಜಿನದು. ಅಲ್ಲಿಂದೀಚೆಗೆ ಪಟ್ಟದಲ್ಲಿರುವವನಿಗೆ ಇನ್ನೊಬ್ಬ ಸವಾಲು ಹಾಕಬೇಕು, ಇಬ್ಬರೇ ಆಡಬೇಕು, ಗೆದ್ದವನು ಚಾಂಪಿಯನ್. ಸವಾಲು ಹಾಕುವವರಿಲ್ಲದಿದ್ದರೆ ಪಟ್ಟ ಇದ್ದಲ್ಲೇ ಇರುತ್ತದೆ. ಚೆಸ್‌ನಲ್ಲಿ ವಿಶ್ವನಾಥನ್ ಆನಂದ್ ಪಟ್ಟ ಉಳಿಸಿಕೊಳ್ಳಲು ಸವಾಲುಗಾರರ ಎದುರು ಕೂತದ್ದನ್ನು ನೀವು ನೋಡಿದ್ದೀರಿ. ಪದ್ಧತಿ ಅದೇ. ಆದರೆ ಚೆಸ್‌ನ ಮೊದಲ ಅಧಿಕೃತ ವಿಶ್ವ ಪಂದ್ಯ ನಡೆದದ್ದು 1886ರಲ್ಲಿ.

ಈಗ ಆಟದ ವಿಷಯ. ನಾವು ಟಿವಿಯಲ್ಲಿ ನೋಡುವ ಟೆನಿಸ್‌ಗೆ ಇದು ತಾಯಿ. 1870ರ ದಶಕದಲ್ಲಿ ಇಂಗ್ಲೆಂಡಿನವರು ಹುಲ್ಲಿನ ಮೇಲೆ ಹೊಸ ಆಟ ಕಟ್ಟಿಕೊಂಡಾಗ 15, 30, 40 ಎಂಬ ಎಣಿಕೆಯನ್ನು ಈ ಹಳೆಯ ಆಟದಿಂದಲೇ ಎತ್ತಿಕೊಂಡರು. ಹೈಸ್ಕೂಲಿನ ಇತಿಹಾಸ ಪಾಠದಲ್ಲಿ ಫ್ರೆಂಚ್ ಕ್ರಾಂತಿಯ ‘ಟೆನಿಸ್ ಕೋರ್ಟ್ ಪ್ರತಿಜ್ಞೆ’ ಓದಿದ್ದು ನೆನಪಿರಬಹುದು. 1789ರ ಜೂನ್ 20ರಂದು ವರ್ಸೈಲ್ಸ್‌ನಲ್ಲಿ ಜನಪ್ರತಿನಿಧಿಗಳು ಸೇರಿದ್ದು ಈ ಆಟದ ಅಂಕಣದಲ್ಲೇ. ಅಷ್ಟು ಜನ ಒಟ್ಟಿಗೆ ನಿಲ್ಲಲು ಸಾಧ್ಯವಾದದ್ದು ಅದು ನಾಲ್ಕು ಗೋಡೆ, ಎತ್ತರದ ಮಾಡು ಇರುವ ದೊಡ್ಡ ಹಜಾರವಾಗಿದ್ದರಿಂದ.

ಗೋಡೆಗಳೂ ಆಟದೊಳಗೇ ಸೇರಿವೆ. ಮೂರು ಬದಿಗೆ ಇಳಿಜಾರಿನ ಮಾಡು ಇರುತ್ತದೆ. ಸರ್ವ್ ಮಾಡಿದ ಚೆಂಡು ಅದರ ಮೇಲೆ ಉರುಳಿಕೊಂಡು ಎದುರಾಳಿಯ ಕಡೆಗೆ ಬೀಳಬೇಕು. ಎದುರಾಳಿಯ ಬದಿಯ ಗೋಡೆಯಲ್ಲಿ ಓರೆಯಾಗಿ ಚಾಚಿದ ಒಂದು ಮೂಲೆಯಿದೆ. ಅಲ್ಲಿಗೆ ತಾಗಿದ ಚೆಂಡು ಎಲ್ಲಿಗೆ ತಿರುಗುತ್ತದೆಂದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಗೋಡೆಗಳಲ್ಲಿ ಕಿಂಡಿಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಚೆಂಡು ಹೊಡೆದರೆ ಪಾಯಿಂಟ್ ನೇರವಾಗಿ ನಿಮ್ಮದು. ನೆಟ್ ಎರಡು ತುದಿಗಳಲ್ಲಿ 5 ಅಡಿ, ನಡುವೆ ಜೋತು 3 ಅಡಿ. ಚೆಂಡಿನ ತಿರುಳು ಬೆಂಡಿನದು, ಅದಕ್ಕೆ ಪಟ್ಟಿ ಸುತ್ತಿ ಮೇಲೆ ಉಣ್ಣೆಬಟ್ಟೆ ಹೊಲಿಯುತ್ತಾರೆ. ಇಂದಿಗೂ ಕ್ಲಬ್ಬಿನ ವೃತ್ತಿಪರ ಆಟಗಾರರೇ ಕೂತು ಕೈಯಲ್ಲಿ ಹೊಲಿಯುವ ಚೆಂಡು ಅದು.

ಆದರೆ ಈ ಆಟದ ಜೀವವಿರುವುದು ‘ಚೇಸ್’ ಎಂಬ ನಿಯಮದಲ್ಲಿ. ನಮ್ಮ ಟೆನಿಸ್‌ನಲ್ಲಿ ಚೆಂಡು ಎರಡನೇ ಸಲ ನೆಲ ಮುಟ್ಟಿದರೆ ಪಾಯಿಂಟ್ ಮುಗಿಯಿತು. ಇಲ್ಲಿ ಬಹಳ ಸಲ ಮುಗಿಯುವುದಿಲ್ಲ, ಬಾಕಿ ಉಳಿಯುತ್ತದೆ. ಎರಡನೇ ಸಲ ಎಲ್ಲಿ ಬಿತ್ತೋ ಆ ಜಾಗವನ್ನು ನೆಲದ ಗೆರೆಗಳ ಲೆಕ್ಕದಲ್ಲಿ ಮಾರ್ಕರ್, ಅಂದರೆ ಅಂಪೈರ್, ಕೂಗಿ ಹೇಳುತ್ತಾನೆ. ಇಂಥ ಬಾಕಿ ಎರಡಾದಾಗ ಇಬ್ಬರೂ ಬದಿ ಬದಲಿಸುತ್ತಾರೆ. ಒಬ್ಬ ಗೇಮ್ ಗೆಲ್ಲಲು ಒಂದೇ ಪಾಯಿಂಟ್ ಉಳಿದಿದ್ದರೆ ಒಂದು ಬಾಕಿಯೇ ಸಾಕು. ಆಗ ಮೊದಲು ಚೆಂಡು ಬಿಟ್ಟವನು ಬಾಕಿ ತೀರಿಸಬೇಕು: ಅವನು ಹೊಡೆದ ಚೆಂಡಿನ ಎರಡನೇ ಪುಟ ಗುರುತಿನ ಜಾಗಕ್ಕಿಂತ ಹಿಂದಿನ ಗೋಡೆಗೆ ಹತ್ತಿರ ಬೀಳಬೇಕು. ಬಿದ್ದರೆ ಪಾಯಿಂಟ್ ಅವನದು, ಇಲ್ಲದಿದ್ದರೆ ಎದುರಾಳಿಯದು. ಸರ್ವ್ ಮಾಡುವುದು ಯಾವಾಗಲೂ ಒಂದೇ ಬದಿಯಿಂದ, ಬದಿ ಬದಲಾಗುವುದು ಚೇಸ್‌ಗಳಿಂದ ಮಾತ್ರ. ಹೀಗಾಗಿ ಸರ್ವ್ ಬೇಕೆನ್ನುವವನು ಅದನ್ನು ದುಡಿದೇ ಪಡೆಯಬೇಕು. ನನಗೆ ತಿಳಿದ ರಾಕೆಟ್ ಆಟಗಳಲ್ಲಿ ಇಷ್ಟು ಸೊಗಸಾದ ನಿಯಮ ಇನ್ನೊಂದಿಲ್ಲ. ಚೆಂಡನ್ನು ಮುಟ್ಟಬೇಕೋ, ಬಿಟ್ಟು ನೋಡಬೇಕೋ ಎಂದು ಅರೆಕ್ಷಣದಲ್ಲಿ ತೂಗಿ ನೋಡಬೇಕಾದ ಆಟ ಇದು.

ಈ ತೂಗುವಿಕೆ ವಯಸ್ಸಿನೊಂದಿಗೆ ಪಕ್ವವಾಗುತ್ತದೆ ಎಂಬುದಕ್ಕೆ ಚಾಂಪಿಯನ್ನರ ಪಟ್ಟಿಯೇ ಸಾಕ್ಷಿ. ಫ್ರಾನ್ಸಿನ ಎಡ್ಮಂಡ್ ಬಾರ್ 1829ರಿಂದ 1862ರವರೆಗೆ, 33 ವರ್ಷ, ಪಟ್ಟದಲ್ಲಿದ್ದ. ಅದೇ ದೇಶದ ಬಾಸ್ಕ್ ಸೀಮೆಯ ಪಿಯರ್ ಎಚೆಬಾಸ್ಟರ್ ಮೊದಲು ಗೋಡೆಗೆ ಚೆಂಡು ಹೊಡೆಯುವ ಪೆಲೋಟ ಆಟದಲ್ಲಿ ಪಳಗಿದವರು. 1928ರಲ್ಲಿ ಗೆದ್ದ ಪಟ್ಟವನ್ನು 1954ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಸೋಲದೆಯೇ ಬಿಟ್ಟುಕೊಟ್ಟರು. ಆಸ್ಟ್ರೇಲಿಯದ ಹೋಬಾರ್ಟ್‌ನ ರಾಬರ್ಟ್ ಫಾಹಿ 1994ರಲ್ಲಿ ಚಾಂಪಿಯನ್ ಆದರು. 2016ರಲ್ಲಿ ಅಮೆರಿಕದ ಕ್ಯಾಮ್ಡೆನ್ ರಿವಿಯರ್ ಅವರಿಗೆ ಸೋತರು. ಎರಡು ವರ್ಷ ಬಿಟ್ಟು, ಐವತ್ತರ ಹೊಸ್ತಿಲಲ್ಲಿ, ತಮಗಿಂತ ಬಹಳ ಕಿರಿಯರಾದ ಅದೇ ರಿವಿಯರ್ ಅವರನ್ನು ಲಂಡನ್ನಿನ ಕ್ವೀನ್ಸ್ ಕ್ಲಬ್‌ನಲ್ಲಿ ಸೋಲಿಸಿ ಪಟ್ಟ ಮರಳಿ ಪಡೆದರು. 2022ರಲ್ಲಿ ಅದು ಮತ್ತೆ ರಿವಿಯರ್ ಪಾಲಾಯಿತು. ಹಾಗೆಂದು ಇದು ಮೈ ದಣಿಸದ ಆಟವಲ್ಲ. ವಿಶ್ವ ಪಂದ್ಯ 13 ಸೆಟ್‌ಗಳದು, 7 ಗೆದ್ದವರಿಗೆ ಜಯ. ಮೊದಲೆರಡು ದಿನ ನಾಲ್ಕು ನಾಲ್ಕು, ಕೊನೆಯ ದಿನ ಬೇಕಾದರೆ ಐದು. ದಿನದ ಆಟ ಮುಗಿಸಿ ರಾತ್ರಿ ಮಲಗಿದಾಗಲೂ ಎದುರಾಳಿ ತಲೆಯಲ್ಲೇ ಇರುತ್ತಾನೆ.

‘ವಿಶ್ವ’ ಎಂಬ ಮಾತು ಈ ಪಟ್ಟಕ್ಕೆ ಮೊದಲ ನೂರೈವತ್ತು ವರ್ಷ ದೊಡ್ಡದಾಯಿತೆಂದೇ ನನ್ನ ಅನಿಸಿಕೆ. ಪಟ್ಟ ಬಹುಮಟ್ಟಿಗೆ ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವೆ ಸುತ್ತುತ್ತಿತ್ತು. 1885ರಲ್ಲಿ ಬಾಸ್ಟನ್ನಿನ ಟಾಮ್ ಪೆಟಿಟ್ ಹಡಗು ಹತ್ತಿ ಬಂದು, ಹ್ಯಾಂಪ್ಟನ್ ಕೋರ್ಟ್ ಅರಮನೆಯ ಅಂಕಣದಲ್ಲಿ ಜಾರ್ಜ್ ಲ್ಯಾಂಬರ್ಟ್‌ನನ್ನು ಸೋಲಿಸಿದ ಮೇಲೆ ಆ ಮಾತಿಗೆ ಸ್ವಲ್ಪ ಅರ್ಥ ಬಂತು. ಪಟ್ಟ ಗೆದ್ದವರಲ್ಲಿ ಹೆಚ್ಚಿನವರು ಕ್ಲಬ್ಬುಗಳಲ್ಲಿ ಸಂಬಳಕ್ಕೆ ದುಡಿದವರು: ಸಿರಿವಂತ ಸದಸ್ಯರಿಗೆ ಆಟ ಕಲಿಸಿ, ರಾಕೆಟ್‌ಗೆ ನರ ಕಟ್ಟಿ, ಚೆಂಡು ಹೊಲಿದವರು. ಅಂಥವರ ಕೈಯಿಂದ ಪಟ್ಟ ಕಸಿದುಕೊಂಡ ಮೊದಲ ಹವ್ಯಾಸಿ ಅಮೆರಿಕದ ರೈಲ್ವೆ ಸಾಹುಕಾರನ ಮೊಮ್ಮಗ ಜೇ ಗೌಲ್ಡ್, 1914ರಲ್ಲಿ. ಈ ಆಟಕ್ಕೆ ಒಲಿಂಪಿಕ್ಸ್‌ನಲ್ಲಿ ಪದಕ ಕೊಟ್ಟದ್ದು ಒಮ್ಮೆ ಮಾತ್ರ, 1908ರ ಲಂಡನ್ನಿನಲ್ಲಿ. ಆ ಚಿನ್ನವೂ ಗೌಲ್ಡ್‌ನದೇ.

ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ಆರಂಭವಾದದ್ದು 1985ರಲ್ಲಿ. ಇದು ತಡ, ವಿಪರೀತ ತಡ. ಇಂಗ್ಲೆಂಡಿನ ಪೆನ್ನಿ ಲಮ್ಲಿ ಅದನ್ನು ಆರು ಸಲ ಗೆದ್ದರು. 2011ರಲ್ಲಿ ಮೊದಲ ಬಾರಿ ಗೆದ್ದ ಕ್ಲೇರ್ ಫಾಹಿ ಆಮೇಲೆ ಮತ್ತೆ ಮತ್ತೆ ಗೆದ್ದಿದ್ದಾರೆ. ಇವರು ರಾಬರ್ಟ್ ಫಾಹಿ ಅವರ ಪತ್ನಿ. ಗಂಡ ಹೆಂಡತಿ ಇಬ್ಬರೂ ಏಕಕಾಲಕ್ಕೆ ವಿಶ್ವ ಚಾಂಪಿಯನ್ ಆಗಿದ್ದ ವರ್ಷಗಳೂ ಇವೆ.

ಬಳಕೆಯಲ್ಲಿರುವ ಅಂಕಣಗಳು ಇಡೀ ಜಗತ್ತಿನಲ್ಲಿ ಐವತ್ತರ ಆಸುಪಾಸು. ಅವು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ ಮತ್ತು ಫ್ರಾನ್ಸ್‌ನಲ್ಲಿವೆ. ಕಟ್ಟಲು ದುಬಾರಿ, ಒಮ್ಮೆಗೆ ಆಡುವವರು ಇಬ್ಬರೋ ನಾಲ್ವರೋ. ಹೀಗಾಗಿ ಇದು ಎಂದೂ ಲಕ್ಷಾಂತರ ಜನರ ಆಟವಾಗದು. ಆದರೆ ನೋಡುವುದಕ್ಕೆ ಈಗ ಅಡ್ಡಿಯಿಲ್ಲ: ದೊಡ್ಡ ಪಂದ್ಯಗಳ ವಿಡಿಯೊ ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಮೊದಲ ಸೆಟ್ ಗೊಂದಲವಾಗುತ್ತದೆ, ಬೇಸರಿಸಬೇಡಿ. ಅಂಕಗಳನ್ನು ಬಿಟ್ಟು ಮಾರ್ಕರ್ ಕೂಗುವ ಚೇಸ್‌ಗಳನ್ನಷ್ಟೇ ಗಮನಿಸಿ. ಆಟಗಾರರು ಬದಿ ಬದಲಿಸಿದೊಡನೆ ಯಾರು ಯಾವ ಬಾಕಿ ತೀರಿಸಬೇಕೆಂದು ನೋಡಿ. ಎರಡನೇ ಸೆಟ್ಟಿನ ಹೊತ್ತಿಗೆ ಆಟ ಬಿಡಿಸಿಕೊಳ್ಳತೊಡಗುತ್ತದೆ.